ದಿಂಬಂ ಘಟ್ಟದ ಇಳಿಜಾರೂ ಪಿಕಪ್ ಗಾಡಿಯ ಬ್ರೇಕೂ

ಪೂರ್ವ ಮತ್ತು ಪಶ್ಚಿಮ ಘಟ್ಟಗಳು ಒಂದನ್ನೊಂದು ಸಂಧಿಸುವ ಎಡೆಯಲ್ಲಿ, ತಮಿಳುನಾಡಿನ ಈರೋಡು ಜಿಲ್ಲೆಯ ವಾಯವ್ಯದ ಅಂಚಿನಲ್ಲಿ ತಾಳವಾಡಿ ಸೀಮೆಯಿದೆ. ಉತ್ತರಕ್ಕೂ ಪಶ್ಚಿಮಕ್ಕೂ ಚಾಮರಾಜನಗರದ ಬಯಲು. ದಕ್ಷಿಣಕ್ಕೆ ತಲಮಲೆಯ ಕಾಡು, ಅದರಾಚೆ ಮೋಯಾರ್ ನದಿಯ ಆಳವಾದ ಕಣಿವೆ. ಪೂರ್ವಕ್ಕೆ ಹಾಸನೂರಿನ ಬೆಟ್ಟಗಳು. ನೆಲವು ಎತ್ತರದ್ದು, ಹವೆಯು ತಂಪಿನದು, ಮನೆಮಾತು ಕನ್ನಡ. ವರನಟ ಡಾ. ರಾಜ್‌ಕುಮಾರರ ಗಾಜನೂರು ಇಲ್ಲಿಯದೇ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ, ಆವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿ ಅಲ್ಲಿಯೇ ಉಳಿಯಿತು. ಅಂದಿನಿಂದ ಈ ಸೀಮೆಯ ಬಾಳಿಗೆ ಎರಡು ದಾರಿಗಳು. ನೆಂಟಸ್ತನದ ದಾರಿ ಸಮತಟ್ಟಾದುದು. ಚಾಮರಾಜನಗರದ ಕಡೆಗೆ ಗಂಟೆಯೊಳಗೆ ಮುಟ್ಟಿಸುತ್ತದೆ. ಕಚೇರಿ, ನ್ಯಾಯಾಲಯ, ದೊಡ್ಡಾಸ್ಪತ್ರೆ ಮತ್ತು ಕೆಳನಾಡಿನ ಮಾರುಕಟ್ಟೆಗಳ ದಾರಿಯಾದರೋ ಕಾಡನ್ನು ಹಾದು, ದಿಂಬಂ ಘಟ್ಟವನ್ನಿಳಿದು, ಬಣ್ಣಾರಿಯ ಮೂಲಕ ಸತ್ಯಮಂಗಲಕ್ಕೆ ಹೋಗುತ್ತದೆ.

ಆ ಘಟ್ಟದಲ್ಲಿ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಿವೆ. ಕೊಯಮತ್ತೂರನ್ನೂ ಬೆಂಗಳೂರನ್ನೂ ಜೋಡಿಸುವ ರಾಷ್ಟ್ರೀಯ ಹೆದ್ದಾರಿಯೇ ಅದು. ಹಿಂದೆ ಅದರ ಸಂಖ್ಯೆ 209, ಈಗ 948. ಈ ಲೇಖನವು ಆ ಘಟ್ಟವನ್ನು ಕುರಿತದ್ದು. ಅದನ್ನು ಪ್ರತಿದಿನ ಇಳಿದು ಹತ್ತುವ ಸಣ್ಣ ಸರಕು ಗಾಡಿಗಳನ್ನೂ, ಅವುಗಳ ಒಡೆಯರು ಎಲ್ಲಿ ಕಂಡರಲ್ಲಿ ಹೇಳಿಕೊಳ್ಳುವ ಒಂದು ದೂರನ್ನೂ ಕುರಿತದ್ದು.

ಎಲೆಕೋಸಿನ ಸವಾರಿ

ರಾಗಿ, ಜೋಳಗಳ ನಾಡಾಗಿದ್ದ ತಾಳವಾಡಿಯಲ್ಲಿ ಕೊಳವೆಬಾವಿಗಳು ಬಂದ ಮೇಲೆ ತರಕಾರಿಯ ಬೆಳೆ ಹಬ್ಬಿತು. ಎಲೆಕೋಸು, ಟೊಮೇಟೊ, ಆಲೂಗೆಡ್ಡೆ, ಬೀಟ್‌ರೂಟ್, ಬೆಳ್ಳುಳ್ಳಿ, ಬಾಳೆ ಮುಂತಾದ ಬೆಳೆಗಳು ಇಲ್ಲಿಂದ ಮೈಸೂರಿಗೂ ಹೋಗುತ್ತವೆ. ಸತ್ಯಮಂಗಲ, ಮೇಟುಪಾಳ್ಯ, ಕೊಯಮತ್ತೂರುಗಳಿಗೂ ಇಳಿಯುತ್ತವೆ. ಹಿಂದೆ ಹತ್ತಾರು ರೈತರು ಕೂಡಿ ಒಂದು ಲಾರಿಯನ್ನು ತುಂಬಬೇಕಾಗಿತ್ತು. ಲಾರಿ ತುಂಬುವವರೆಗೆ ಕೊಯ್ದ ಸೊಪ್ಪು ಬಾಡುತ್ತಿತ್ತು, ಹಣ್ಣು ಮೆತ್ತಗಾಗುತ್ತಿತ್ತು. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಗಾಡಿ ಮಾರುಕಟ್ಟೆಗೆ ಬಂದಿತು. ತಮಿಳರು ಅದಕ್ಕೆ ಅಕ್ಕರೆಯಿಂದ ‘ಕುಟ್ಟಿ ಯಾನೈ’ ಎಂದರು, ಎಂದರೆ ಆನೆಮರಿ. ಅದರ ಹಿಂದೆಮುಂದೆ ಹಲವು ಕಂಪನಿಗಳ ಪಿಕಪ್ ಗಾಡಿಗಳು ಹಳ್ಳಿಹಳ್ಳಿಗೂ ಬಂದುವು. ಸಾಲ ಮಾಡಿಯಾದರೂ ಮನೆಗೊಂದು ಪಿಕಪ್ ಕೊಂಡರೆ ಬೆಳೆ ತನ್ನದು, ಗಾಡಿ ತನ್ನದು, ದಲ್ಲಾಳಿಯ ಮುಂದೆ ನಿಲ್ಲುವ ಹೊತ್ತೂ ತನ್ನದು ಎಂಬ ಧೈರ್ಯ ರೈತನಿಗೆ ಬಂದಿತು. ತಾಳವಾಡಿಯ ಸಂತೆಬೀದಿಯಲ್ಲಿ ಬೆಳಗಿನ ಜಾವ ನಿಂತು ನೋಡಿದರೆ ಈ ಬದಲಾವಣೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಟಾರ್ಪಾಲು ಹೊದ್ದು, ಹಗ್ಗ ಬಿಗಿದುಕೊಂಡು, ಹಿಂಭಾಗವನ್ನು ತಗ್ಗಿಸಿ ನಿಂತ ಗಾಡಿಗಳ ಸಾಲು ಎತ್ತಿನ ಬಂಡಿಗಳ ಸಾಲಿನಂತೆಯೇ ಕಾಣುತ್ತದೆ.

ಅಲ್ಲಿಯ ಚಹದಂಗಡಿಯಲ್ಲಿ ನಾವು ಕೇಳಿದ ಮೊದಲ ಮಾತೇ ಬ್ರೇಕಿನದು. ಗಾಡಿ ಕೊಂಡು ವರ್ಷ ತುಂಬಿಲ್ಲ, ಆಗಲೇ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಮೂರು ಸಲ ಬದಲಾಯಿತು ಎಂದು ಒಬ್ಬರು ಹೇಳಿದರು. ಪ್ಯಾಡ್ ಹೋಗಲಿ, ಡಿಸ್ಕಿಗೇ ಗೆರೆ ಬಿದ್ದು ಪೆಡಲು ನಡುಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿದರೆ, ಪ್ಯಾಡು ಸವೆಯುವ ವಸ್ತು, ವಾರಂಟಿಗೆ ಬರುವುದಿಲ್ಲ ಎಂಬ ಒಂದೇ ಉತ್ತರ. ಮೂರನೆಯವರ ಚಿಕ್ಕಪ್ಪನ ಮಗನು ಇದೇ ಗಾಡಿಯನ್ನು ಇದೇ ವರ್ಷ ಕೊಂಡು ಚಾಮರಾಜನಗರ–ಮೈಸೂರು ದಾರಿಯಲ್ಲಿ ಓಡಿಸುತ್ತಿದ್ದಾನಂತೆ. ಅವನು ಇನ್ನೂ ಮೊದಲ ಜೊತೆ ಪ್ಯಾಡನ್ನೇ ಬಳಸುತ್ತಿದ್ದಾನಂತೆ. ‘ಹಾಗಾದ್ರೆ ನಮಗೆ ಕೊಟ್ಟಿದ್ದು ಕಳಪೆ ಮಾಲಲ್ವಾ?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಹಜವಾದುದು. ಆದರೆ ಉತ್ತರ ಆ ಅಂಗಡಿಯಲ್ಲಿರಲಿಲ್ಲ; ಘಟ್ಟದಲ್ಲಿತ್ತು.

ಇಳಿಜಾರಿನ ಲೆಕ್ಕ

ನಮ್ಮ ಸೋದರಮಾವನವರ ಹಿರಿಯ ಮಗ, ವರಸೆಯಲ್ಲಿ ನಮಗೆ ಭಾವ, ಹದಿನಾಲ್ಕು ವರ್ಷಗಳಿಂದ ಈ ಘಟ್ಟದಲ್ಲಿ ಗಾಡಿ ಹೊಡೆಯುತ್ತಿದ್ದಾರೆ. ಎಲೆಕೋಸು ತುಂಬಿದ ಅವರ ಪಿಕಪ್ಪಿನಲ್ಲಿ ನಾವು ಕೆಳಗಿಳಿದೆವು. ಹಾಸನೂರಿನವರೆಗೆ ದಾರಿಯ ಎರಡು ಕಡೆಯೂ ಕಾಡು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲ್ಪಟ್ಟ ಸತ್ಯಮಂಗಲದ ಕಾಡು ಅದು. ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳು ಈ ದಾರಿಯಲ್ಲಿ ಅಪರೂಪವಲ್ಲ. ದಿಂಬಂ ತಲಪುತ್ತಲೇ ಬೆಟ್ಟದ ಅಂಚು ಒಮ್ಮೆಗೇ ಮುಗಿದು, ಕೆಳಗೆ ಬಯಲುಸೀಮೆ ಮಂಜಿನಲ್ಲಿ ಹರಡಿಕೊಂಡು ಕಾಣುತ್ತದೆ. ಸಹ್ಯಾದ್ರಿಯ ಹಲವು ಘಟ್ಟಗಳಲ್ಲಿ ದಾರಿ ಮರಗಳ ನಡುವೆ ಮರೆಯಾಗಿ ಇಳಿಯುತ್ತದೆ. ಇಲ್ಲಿ ಹಾಗಲ್ಲ, ಇಳಿಯಬೇಕಾದ ದಾರಿಯೆಲ್ಲ ಮಡಿಸಿಟ್ಟ ಹಗ್ಗದಂತೆ ಕಣ್ಣೆದುರಿಗೇ ಬಿದ್ದಿದೆ.

ಭಾವ ಅಲ್ಲಿ ಗಾಡಿಯನ್ನು ನಿಲ್ಲಿಸಿ, ಇಳಿದು, ನಾಲ್ಕು ಚಕ್ರಗಳನ್ನೂ ಸುತ್ತಿ ನೋಡಿ, ಪೆಡಲನ್ನು ಎರಡು ಸಲ ಒತ್ತಿ, ಅನಂತರ ಎರಡನೆಯ ಗೇರಿಗೆ ಹಾಕಿ ಹೊರಟರು. ‘ಕಂಪ್ನಿಯವ್ರು ಬರ್ದಿರೋದು ಸಮನೆಲದ ಲೆಕ್ಕ ಕನಪ್ಪ, ನಮ್ದು ಘಟ್ಟದ ಲೆಕ್ಕ’ ಎಂದರು. ಈ ಒಂದು ಮಾತಿನಲ್ಲಿ ವಿಷಯವೆಲ್ಲ ಅಡಗಿದೆಯಾದುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಗಾಡಿಯೂ ಹೊರೆಯೂ ಸೇರಿ ಮೂರು ಟನ್ ತೂಕವೆಂದು ಇಟ್ಟುಕೊಳ್ಳೋಣ. ಘಟ್ಟದ ತುದಿಯಿಂದ ಬುಡಕ್ಕೆ ಏಳುನೂರು ಮೀಟರು ಇಳಿತವೆಂದು ಎಣಿಸೋಣ. ಇಷ್ಟು ತೂಕ ಇಷ್ಟು ಎತ್ತರದಿಂದ ಇಳಿಯುವಾಗ ಸುಮಾರು ಎರಡು ಕೋಟಿ ಜೂಲ್‌ಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಅದನ್ನು ಎಲ್ಲಿಯಾದರೂ ಕಳೆಯಲೇಬೇಕು; ಕಳೆಯದಿದ್ದರೆ ಗಾಡಿಯ ವೇಗ ಏರುತ್ತ ಹೋಗುತ್ತದೆ. ಟೈರಿನ ಉರುಳಾಟದಲ್ಲಿಯೂ ಗಾಳಿಯ ತಡೆಯಲ್ಲಿಯೂ ಒಂದಿಷ್ಟು ಕಳೆಯುತ್ತದೆ. ಮಿಕ್ಕುದನ್ನು ಬ್ರೇಕು ಇಲ್ಲವೆ ಎಂಜಿನ್ನು ನುಂಗಬೇಕು. ಬ್ರೇಕು ನುಂಗಿದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ನಮ್ಮ ಸೋದರಿಯರಿಗೆ ತಿಳಿಯುವಂತೆ ಹೇಳುವುದಾದರೆ, ಎರಡು ಕೋಟಿ ಜೂಲ್ ಎಂದರೆ ಅರುವತ್ತು ಲೀಟರಿಗೂ ಮೀರಿದ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವ ಬಿಸಿ. ಮನೆಮಂದಿಗೆಲ್ಲ ಅಭ್ಯಂಜನಕ್ಕೆ ಕಾಯಿಸುವ ದೊಡ್ಡ ಹಂಡೆಯ ನೀರನ್ನು ನೆನೆಯಿರಿ. ಒಂದೊಂದು ಇಳಿತಕ್ಕೂ ಅಷ್ಟು ಬಿಸಿ ಹುಟ್ಟುತ್ತದೆ. ಅದರಲ್ಲಿ ಎಷ್ಟು ಪಾಲನ್ನು ಅಂಗೈಯಗಲದ ಪ್ಯಾಡುಗಳ ಮೇಲೆ ಹೊರಿಸುವುದು ಎಂಬುದು ಚಾಲಕನ ಕಾಲಿನಲ್ಲಿದೆ.

ಮೈಸೂರಿನ ದಾರಿಯಲ್ಲಿ ನೂರು ಕಿಲೋಮೀಟರು ಓಡುವ ಗಾಡಿ ಬ್ರೇಕನ್ನು ಬೇಕಾದಾಗ ಮಾತ್ರ ಒತ್ತುತ್ತದೆ. ಎರಡು ಒತ್ತುಗಳ ನಡುವೆ ಡಿಸ್ಕು ಗಾಳಿಗೆ ತಣಿಯುತ್ತದೆ. ದಿಂಬಂ ಘಟ್ಟದ ಉದ್ದ ಹದಿನಾಲ್ಕು ಕಿಲೋಮೀಟರನ್ನು ಮೀರದು. ಆದರೆ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದವನಿಗೆ ಅದು ಮುಗಿಯುವವರೆಗೆ ತಣಿಯುವ ಅವಕಾಶವೇ ಇಲ್ಲ. ಮುಂದೆ ತುಂಬಿದ ಲಾರಿಯೊಂದು ಆಮೆಯಂತೆ ತಿರುವು ಸುತ್ತುತ್ತಿದ್ದರಂತೂ ಹೇಳುವುದೇ ಬೇಡ. ಚಿಕ್ಕಪ್ಪನ ಮಗನ ಗಾಡಿಗೂ ಇವರ ಗಾಡಿಗೂ ಇರುವ ವ್ಯತ್ಯಾಸಕ್ಕೆ ಮೊದಲ ಕಾರಣ ಮಾಲಿನ ಗುಣವಲ್ಲ, ದಾರಿ. ಕಿಲೋಮೀಟರಿನ ಮೀಟರು ಓಡಿದ ದೂರವನ್ನು ತೋರಿಸುತ್ತದೆ. ಇಳಿದ ಎತ್ತರವನ್ನು ತೋರಿಸುವುದಿಲ್ಲ.

ಸತ್ಯಮಂಗಲದ ಗ್ಯಾರೇಜಿನಲ್ಲಿ

ಘಟ್ಟದ ಬುಡದಲ್ಲಿ ಬಣ್ಣಾರಿ ಅಮ್ಮನವರ ಗುಡಿಯಿದೆ. ಪಂಗುಣಿ ಮಾಸದ ಕೊಂಡೋತ್ಸವಕ್ಕೆ ಎರಡು ರಾಜ್ಯಗಳ ಭಕ್ತರೂ ಸೇರುವ ಸ್ಥಳವದು. ಹತ್ತುವ ಗಾಡಿಗಳು ಇಲ್ಲಿ ನಿಂತು ಕರ್ಪೂರ ಹಚ್ಚುತ್ತವೆ. ಇಳಿದ ಗಾಡಿಗಳು ನಿಂತು ಉಸಿರು ಬಿಡುತ್ತವೆ. ಧೂಪದ ಪರಿಮಳದ ನಡುವೆ ಆಗಾಗ ಇನ್ನೊಂದು ವಾಸನೆಯೂ ಬೆರೆಯುತ್ತದೆ: ಸುಟ್ಟ ಬ್ರೇಕಿನದು. ನಾವು ನಿಂತಿದ್ದಾಗ ಒಂದು ಗಾಡಿಯ ಹುಡುಗ ಬಕೆಟ್ಟಿನ ನೀರನ್ನು ಕಾದ ಚಕ್ರಕ್ಕೆ ಎರಚಲು ಹೋದ. ಭಾವ ಓಡಿಹೋಗಿ ತಡೆದರು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡಿಸ್ಕು ಬಿರುಕು ಬಿಡಬಹುದು, ಸೊಟ್ಟಗಾಗಲೂಬಹುದು. ಪೆಡಲು ನಡುಗುವುದಕ್ಕೆ ಇದೂ ಒಂದು ಕಾರಣ.

ಸತ್ಯಮಂಗಲದಲ್ಲಿ ತರಕಾರಿ ಇಳಿಸಿದ ಮೇಲೆ ಭಾವ ಪರಿಚಯದ ಗ್ಯಾರೇಜಿಗೆ ಕರೆದೊಯ್ದರು. ಅಲ್ಲಿಯ ಹಿರಿಯ ಮೇಸ್ತ್ರಿ ತಮಿಳರು. ಮೂವತ್ತು ವರ್ಷ ಘಟ್ಟದ ಗಾಡಿಗಳನ್ನು ಬಿಚ್ಚಿ ಜೋಡಿಸಿದವರಾದ್ದರಿಂದ ಅವರ ಕನ್ನಡ ತಾಳವಾಡಿಯ ಕನ್ನಡವೇ. ಅವರು ಒಂದು ಮೂಲೆಯಲ್ಲಿ ರಾಶಿ ಹಾಕಿದ್ದ ಹಳೆಯ ಪ್ಯಾಡುಗಳಿಂದ ಕೆಲವನ್ನು ಆರಿಸಿ ಒಂದೊಂದರ ಕಥೆಯನ್ನು ಹೇಳಿದರು.

ಒಂದರ ಮೈ ಗಾಜಿನಂತೆ ಹೊಳೆಯುತ್ತಿತ್ತು. ಪ್ಯಾಡಿನ ತಿರುಳು ಹಲವು ಪುಡಿಗಳನ್ನು ರಾಳದಿಂದ ಬಂಧಿಸಿ ಮಾಡಿದ್ದು. ಮಿತಿಮೀರಿ ಕಾದಾಗ ರಾಳ ಕೆಟ್ಟು ಅನಿಲವಾಗಿ ಹೊರಬರುತ್ತದೆ, ಹಿಡಿತ ತಪ್ಪುತ್ತದೆ. ಆಗ ಪೆಡಲು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಇದಕ್ಕೆ ಬೇರೆಯಾದ ಇನ್ನೊಂದು ಅಪಾಯವಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಅದು 140ರವರೆಗೆ ಇಳಿಯಬಹುದು. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಆಯಿಲ್ ಕುದಿದು ಆವಿಯಾದರೆ ಪೆಡಲು ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ‘ಗಟ್ಟಿ ಆದ್ರೆ ಪ್ಯಾಡು, ಮೆತ್ತಗಾದ್ರೆ ಆಯಿಲ್ಲು. ಯಾವ್ದಾದ್ರೂ ಸರಿ, ಗೇರು ಇಳಿಸಿ ಬೆಟ್ಟದ ಕಡೆ ಒತ್ತಿ ನಿಲ್ಸಿಬಿಡ್ಬೇಕು’ ಎಂದು ಮೇಸ್ತ್ರಿ ಹೇಳಿದರು.

ಇನ್ನೊಂದು ಜೊತೆ ಪ್ಯಾಡು ತಗಡಿನವರೆಗೂ ಸವೆದಿತ್ತು. ಅದೇ ಗಾಡಿಯ ಹಿಂದಿನ ಚಕ್ರದ ಲೈನರುಗಳು ಹೊಸದರಂತೆಯೇ ಇದ್ದುವು. ಇದರ ಕಾರಣವನ್ನು ಕೇಳಿ ನಮಗೆ ಅಚ್ಚರಿಯಾಯಿತು. ಹಲವು ಪಿಕಪ್ ಗಾಡಿಗಳಲ್ಲಿ ಹಿಂದಿನ ಅಚ್ಚಿನ ಬಳಿ ಒಂದು ಚಿಕ್ಕ ವಾಲ್ವ್ ಇರುತ್ತದೆ. ಹೊರೆ ಹೆಚ್ಚಾಗಿ ಗಾಡಿಯ ಹಿಂಭಾಗ ಕುಸಿದಾಗ ಅದು ಹಿಂದಿನ ಚಕ್ರಗಳ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಗಾಡಿ ಖಾಲಿಯಿದ್ದು ಹಿಂಭಾಗ ಎತ್ತರದಲ್ಲಿದ್ದರೆ, ಹಿಂದಿನ ಚಕ್ರ ಜಾರದಿರಲೆಂದು ಒತ್ತಡವನ್ನು ತಗ್ಗಿಸುತ್ತದೆ. ನಮ್ಮವರು ಹೆಚ್ಚು ಹೊರೆ ಹೇರಲೆಂದು ಹೊಸ ಗಾಡಿಗೆ ಮೊದಲ ತಿಂಗಳೇ ಹೆಚ್ಚಿನ ಸ್ಪ್ರಿಂಗ್ ಪಟ್ಟಿಗಳನ್ನು ಕಟ್ಟಿಸುತ್ತಾರೆ. ಆಮೇಲೆ ಎರಡು ಟನ್ ತುಂಬಿದರೂ ಹಿಂಭಾಗ ಕುಸಿಯುವುದಿಲ್ಲ. ವಾಲ್ವ್ ಗಾಡಿ ಖಾಲಿಯಿದೆಯೆಂದೇ ತಿಳಿಯುತ್ತದೆ. ಹಿಂದಿನ ಬ್ರೇಕು ಅರ್ಧ ನಿದ್ರೆಯಲ್ಲಿರುತ್ತದೆ. ಘಟ್ಟದ ಭಾರವೆಲ್ಲ ಮುಂದಿನ ಎರಡು ಚಕ್ರಗಳ ಪ್ಯಾಡಿನ ಮೇಲೆ ಬೀಳುತ್ತದೆ. ಪಟ್ಟಿ ಕಟ್ಟಿದ ಕಮ್ಮಾರನಿಗೆ ವಾಲ್ವಿನ ವಿಷಯ ತಿಳಿಯದು. ಪ್ಯಾಡು ಬದಲಿಸುವವನು ಪಟ್ಟಿಯನ್ನು ನೋಡುವುದಿಲ್ಲ. ಒಡೆಯನು ಕಂಪನಿಯನ್ನು ಬಯ್ಯುತ್ತಾನೆ.

ಮೂರನೆಯದು ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿನಲ್ಲಿ ಇಳಿಸಿದ ಗಾಡಿಯ ಪ್ಯಾಡು. ಈ ಅಭ್ಯಾಸ ನಮ್ಮ ಗಡಿನಾಡುಗಳಲ್ಲೆಲ್ಲ ಇದೆ. ವಾಸ್ತವದಲ್ಲಿ ಇಂದಿನ ಡೀಸೆಲ್ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಡೀಸೆಲ್ ಪೂರೈಕೆಯೇ ನಿಂತುಹೋಗುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ತಾನೇ ಉಸಿರಾಡಲು ಡೀಸೆಲ್ ಕುಡಿಯುತ್ತಲೇ ಇರಬೇಕು. ಹಾಗಾಗಿ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ. ಕೆಲವರು ಕೀಲಿಯನ್ನೇ ತಿರುಗಿಸಿ ಎಂಜಿನ್ನನ್ನು ಆರಿಸುತ್ತಾರೆ. ಆಗ ಪೆಡಲಿಗೆ ಬಲ ಕೊಡುವ ವ್ಯಾಕ್ಯೂಮ್ ನಾಲ್ಕಾರು ಒತ್ತುಗಳಲ್ಲಿ ಮುಗಿದು, ಉಳಿದ ತಿರುವುಗಳನ್ನು ಬರಿಯ ಕಾಲಿನ ಬಲದಿಂದ ಹಿಡಿಯಬೇಕಾಗುತ್ತದೆ. ಅಷ್ಟು ಬಲ ಯಾರ ಕಾಲಿನಲ್ಲಿಯೂ ಇಲ್ಲ.

ತಪ್ಪು ಯಾರದು?

ಇಷ್ಟನ್ನು ಕೇಳಿದ ಮೇಲೆ ತಪ್ಪೆಲ್ಲ ಒಡೆಯರದೇ ಎಂದು ತೀರ್ಮಾನಿಸುವುದು ಸುಲಭ. ಅದು ನ್ಯಾಯವಲ್ಲ. ಗಾಡಿಯ ಜೊತೆಗೆ ಬರುವ ಪುಸ್ತಕದಲ್ಲಿ ತಪಾಸಣೆಯ ಅವಧಿ ಕಿಲೋಮೀಟರು ಮತ್ತು ತಿಂಗಳುಗಳ ಲೆಕ್ಕದಲ್ಲಿದೆ. ಕಠಿಣ ಪರಿಸ್ಥಿತಿಯಲ್ಲಿ ಓಡುವ ಗಾಡಿಗೆ ಹೆಚ್ಚು ಸಲ ತಪಾಸಣೆ ಬೇಕೆಂಬ ಸಾಲು ಅದರಲ್ಲಿದ್ದರೂ, ಗಾಡಿ ಮಾರುವಾಗ ಘಟ್ಟದ ರೈತನಿಗೆ ಅದನ್ನು ಬಿಡಿಸಿ ಹೇಳುವವರು ವಿರಳ. ವಾಲ್ವಿನ ಸಂಗತಿಯನ್ನು ಸಾಲದ ಕಾಗದಗಳಿಗೆ ಸಹಿ ಹಾಕಿಸುವ ಉತ್ಸಾಹದಲ್ಲಿ ಯಾರೂ ಹೇಳುವುದಿಲ್ಲ. ಸರ್ವಿಸ್ ಕೇಂದ್ರ ಘಟ್ಟದ ಕೆಳಗಿದೆ. ಬ್ರೇಕು ಕೆಟ್ಟ ಗಾಡಿ ಬ್ರೇಕು ಸರಿಮಾಡಿಸಲು ಘಟ್ಟವನ್ನೇ ಇಳಿಯಬೇಕು!

ಹೊರೆಯ ಮಾತೂ ಹಾಗೆಯೇ. ಮೂರು ಟನ್ನಿನ ಮೇಲೆ ಅರ್ಧ ಟನ್ ಹೆಚ್ಚು ಹೇರಿದರೆ ಇಳಿತದ ಬಿಸಿ ಆರರಲ್ಲೊಂದು ಪಾಲು ಏರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅಧಿಕ ಹೊರೆಗೆ ಇಪ್ಪತ್ತು ಸಾವಿರ ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರ. ಇದು ರೈತನಿಗೆ ತಿಳಿಯದ ವಿಷಯವಲ್ಲ. ಆದರೆ ಎಲೆಕೋಸಿನ ಬೆಲೆ ಬಿದ್ದ ದಿನ ಒಂದು ಸವಾರಿಯ ಖರ್ಚು ಹುಟ್ಟಬೇಕಾದರೆ ಇನ್ನೂ ಹತ್ತು ಮೂಟೆ ಹೇರದೆ ವಿಧಿಯಿಲ್ಲ ಎನ್ನುತ್ತಾನೆ. ಇದರೊಂದಿಗೆ, ಕಾಡುಪ್ರಾಣಿಗಳ ರಕ್ಷಣೆಗಾಗಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಲ್ಲಿ ಘಟ್ಟದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ತಾಳವಾಡಿಯವರು ಪ್ರತಿಭಟಿಸಿದರು, ಅನಂತರ ನಿಯಮಗಳಲ್ಲಿ ಕೆಲವು ಮಾರ್ಪಾಟುಗಳಾದುವು. ಕಾಡಿನ ಹಿತವನ್ನು ನಾವಾರೂ ಅಲ್ಲಗಳೆಯುವುದಿಲ್ಲ. ಆದರೆ ಹೊತ್ತಿಗೆ ಮುಂಚೆ ಚೆಕ್‌ಪೋಸ್ಟ್ ದಾಟಬೇಕೆಂಬ ಆತುರವೂ, ಘಟ್ಟದ ನಡುವೆ ನಿಂತು ಬ್ರೇಕು ತಣಿಸಬೇಕೆಂಬ ವಿವೇಕವೂ ಒಂದೇ ಗಾಡಿಯಲ್ಲಿ ಕೂಡಿಬಾಳುವುದು ಕಷ್ಟ.

ಈ ಕಷ್ಟ ದಿಂಬಂ ಘಟ್ಟದ್ದು ಮಾತ್ರವಲ್ಲ. ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ದಾರಿಯಲ್ಲಿ ಮೂವತ್ತಾರು ಹೇರ್‌ಪಿನ್ ತಿರುವುಗಳಿವೆ. 2018ರಲ್ಲಿ ನಡೆದ ಭೀಕರ ಅಪಘಾತವೊಂದರ ತರುವಾಯ ಅಲ್ಲಿ ಹೊರ ಜಿಲ್ಲೆಗಳ ವಾಹನಗಳಿಗೆ ನಿರ್ಬಂಧ ಹಾಕಲಾಯಿತು. ವಯನಾಡಿನಿಂದ ಕೋಳಿಕ್ಕೋಡಿನ ಕಡೆಗೆ ಇಳಿಯುವ ತಾಮರಶ್ಶೇರಿ ಘಟ್ಟದಲ್ಲಿ ಒಂಬತ್ತು ತಿರುವುಗಳಿವೆ. ಗಡಿಯಾಚೆಯ ಕನ್ನಡಿಗರಲ್ಲಿ ಘಟ್ಟದ ಮೇಲಿರುವವರಿಗೆಲ್ಲ ಸರಕಾರವೂ ಮಾರುಕಟ್ಟೆಯೂ ಇಳಿಜಾರಿನ ಕೆಳಗಿವೆ.

ಗೋಡೆಯ ಮೇಲಿನ ಗೀಟುಗಳು

ಭಾವನ ಗಾಡಿಯ ಪ್ಯಾಡು ಇತರರದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಅವರ ಗಾಡಿ ಅದೇ ಕಂಪನಿಯದು, ದಾರಿ ಅದೇ ದಾರಿ. ರಹಸ್ಯವನ್ನು ನಾವು ಅವರ ಮನೆಯಲ್ಲಿ ಕಂಡೆವು. ಅಡುಗೆಮನೆಯ ಬಾಗಿಲ ಬಳಿಯ ಕ್ಯಾಲೆಂಡರಿನಲ್ಲಿ, ಘಟ್ಟ ಇಳಿದ ದಿನಗಳಿಗೆಲ್ಲ ಅವರ ಮನೆಯಾಕೆ ಒಂದೊಂದು ಗೀಟು ಹಾಕಿದ್ದರು. ಹಾಲಿನ ಲೆಕ್ಕದ ಪಕ್ಕದಲ್ಲಿ ಬ್ರೇಕಿನ ಲೆಕ್ಕ. ‘ಇಪ್ಪತ್ತು ಗೀಟಾದ್ ಮೇಲೆ ಚಕ್ರ ಬಿಚ್ಚಿ ನೋಡೋಗಂಟ ನಾ ಬುತ್ತಿ ಕಟ್ಟಲ್ಲ ಕನಣ್ಣ’ ಎಂದು ಆ ತಾಯಿ ನಗುತ್ತ ಹೇಳಿದರು. ಅವರ ತವರಿನ ಕಡೆಯ ಒಬ್ಬ ಹುಡುಗನು ಘಟ್ಟದಲ್ಲಿ ಬ್ರೇಕು ತಪ್ಪಿ ಕಾಲು ಕಳೆದುಕೊಂಡ ಮೇಲೆ ಆರಂಭವಾದ ಪದ್ಧತಿಯಂತೆ ಅದು. ಕಿಲೋಮೀಟರನ್ನು ಬಿಟ್ಟು ಇಳಿತಗಳನ್ನು ಎಣಿಸುವ ಈ ಲೆಕ್ಕಕ್ಕಿಂತ ನೇರವಾದುದನ್ನು ಯಾವ ಎಂಜಿನಿಯರನೂ ಹೇಳಿಕೊಡಲಾರನು.

ಮೇಸ್ತ್ರಿಯವರೂ ಭಾವನವರೂ ಒಪ್ಪಿ ಹೇಳಿದ ಕೆಲವು ಮಾತುಗಳನ್ನು ವಾಚಕರ ಉಪಯೋಗಕ್ಕೆಂದು ಇಲ್ಲಿ ಕೊಡುತ್ತೇವೆ. ಯಾವ ಗೇರಿನಲ್ಲಿ ತುಂಬಿದ ಗಾಡಿ ಘಟ್ಟವನ್ನು ಹತ್ತಬಲ್ಲುದೋ ಆ ಗೇರಿನಲ್ಲಿಯೇ ಇಳಿಸಬೇಕು. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಕೊಂಡೇ ಇರಬಾರದು. ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಬೇಕು. ಪ್ಯಾಡಿನ ತಿರುಳು ಮೂರು ಮಿಲಿಮೀಟರಿಗೆ ಬಂದರೆ ಇನ್ನೊಂದು ಸವಾರಿಗೆ ಕಾಯಬಾರದು. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ, ಡಬ್ಬಿಯ ಮುಚ್ಚಳ ಹೊಸದಾಗಿ ತೆರೆದದ್ದರಿಂದಲೇ, ಬದಲಿಸಬೇಕು. ಸ್ಪ್ರಿಂಗ್ ಪಟ್ಟಿ ಕಟ್ಟಿಸಿದ ಗಾಡಿಯ ವಾಲ್ವನ್ನು ಬಲ್ಲವರಿಂದ ಪರೀಕ್ಷಿಸಿ ಹೊಂದಿಸಬೇಕು; ಪಟ್ಟಿ ಕಟ್ಟಿಸದಿರುವುದೇ ಉತ್ತಮ. ಅಗ್ಗದ ಪ್ಯಾಡು ಕೆಲವೊಮ್ಮೆ ತಾನು ಸವೆಯದೆ ಡಿಸ್ಕನ್ನೇ ತಿನ್ನುತ್ತದೆಂಬುದನ್ನು ಮರೆಯಬಾರದು. ಬ್ರೇಕಿನ ಪುಡಿಯನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅದು ಶ್ವಾಸಕೋಶಕ್ಕೆ ಕೇಡು.

ಚಹದಂಗಡಿಯ ದೂರನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದನ್ನು ಇನ್ನೂ ಬಲವಾಗಿ ಹೇಳಬೇಕು. ‘ಪ್ಯಾಡು ಬೇಗ ಸವೆಯಿತು’ ಎಂದರೆ ಕಂಪನಿಗೆ ಉತ್ತರ ಸಿದ್ಧವಾಗಿದೆ. ‘ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ, ಇಷ್ಟು ತೂಕದಲ್ಲಿ, ಇಷ್ಟು ಸಲ ಇಪ್ಪತ್ತೇಳು ತಿರುವುಗಳನ್ನಿಳಿದೆವು, ಪ್ಯಾಡಿನ ದಪ್ಪ ಇಷ್ಟರಿಂದ ಇಷ್ಟಕ್ಕೆ ಬಂದಿತು, ಈ ನಾಡಿಗೆ ತಕ್ಕ ಪ್ಯಾಡನ್ನೂ ಘಟ್ಟದ ಮೇಲೊಂದು ತಪಾಸಣೆಯ ಶಿಬಿರವನ್ನೂ ಕೊಡಿ’ ಎಂದು ಐವತ್ತು ಮಂದಿ ಒಡೆಯರು ಲೆಕ್ಕದೊಡನೆ ಬರೆದುಕೊಟ್ಟರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆ ಲೆಕ್ಕಕ್ಕೆ ಬೇಕಾದದ್ದು ಒಂದು ಕ್ಯಾಲೆಂಡರು, ಒಂದು ಪೆನ್ಸಿಲು, ಮತ್ತು ಗಾಡಿ ಮನೆಗೆ ಮರಳುವುದನ್ನು ಕಾಯುವ ಒಂದು ಜೀವ. ಮೂರೂ ನಮ್ಮ ಮನೆಗಳಲ್ಲಿವೆ.